ಮೂರು ಮಿಲಿಮೀಟರಿನ ಹೆಸರುಗಳು

ಮಹಾಂತೇಶನಿಗೆ ಅಂದು ಬೆಳಿಗ್ಗೆ ಮೊದಲು ಸಿಟ್ಟು ಬಂದದ್ದು ತನ್ನ ಬೈಕಿನ ಕನ್ನಡಿಯ ಮೇಲೆ. ಅರಸೀಕೆರೆಯ ಬಸ್‌ಸ್ಟ್ಯಾಂಡ್ ದಾಟಿ ಗಂಡಸಿಯ ರಸ್ತೆಗೆ ತಿರುಗುವಾಗ ಹಿಂದೆ ಕೊಬ್ಬರಿ ಮೂಟೆ ಹೇರಿದ ಲಾರಿಯೊಂದು ಆಕಾಶ ಬಿರುಕು ಬಿಡುವ ಹಾಗೆ ಹಾರ್ನ್ ಹೊಡೆಯುತ್ತಿತ್ತು. ಕನ್ನಡಿಯಲ್ಲಿ ನೋಡಿದರೆ ಅದು ಬೆಂಕಿಪೊಟ್ಟಣದಷ್ಟು. ಅಷ್ಟು ಸಣ್ಣದು ಇಷ್ಟು ಕೂಗುವುದೆಂದರೇನು? ಪಕ್ಕಕ್ಕೆ ಸರಿದು, ಲಾರಿಯವನಿಗೆ ಅವನ ತಾತನ ಕಾಲದಿಂದ ಹಿಡಿದು ಬೈದ. ಬೈಗುಳ ಮುಗಿಯುವಷ್ಟರಲ್ಲಿ ಲಾರಿ ಗಂಡಸಿಯನ್ನೇ ಮುಟ್ಟಿತ್ತೇನೋ. ಹೀಗೆ ಹಾದಿಗೆ ಸಿಕ್ಕಿದ್ದಕ್ಕೆಲ್ಲ ಬೈಯುವ ಗಂಡಸೇನೂ ಅಲ್ಲ ಅವನು. ಒಂದು ಹದ್ದು ಕಣಕಟ್ಟೆಯಿಂದ ಬೇಲೂರಿನವರೆಗೆ ರೆಕ್ಕೆ ಮಡಿಸದೆ ಹಾರಿದರೆ ಅದರ ಕಣ್ಣಿಗೆ ಬೀಳುವ ತಾರಸಿಗಳಲ್ಲಿ ಮುಕ್ಕಾಲುಪಾಲು ಮೊದಲು ಹುಟ್ಟಿದ್ದು ಮಹಾಂತೇಶನ ಕಂಪ್ಯೂಟರಿನಲ್ಲಿ. ಉಳಿದ ಕಾಲುಪಾಲು ಸೋರುತ್ತವೆ. ಇಂಜಿನಿಯರುಗಳು ಸಹಿ ಹಾಕುತ್ತಾರೆ, ಅಷ್ಟೆ. ಗೆರೆ ಎಳೆದವನು ಅವನು. ಅವನೆಳೆದ ಗೆರೆಯ ಮೇಲೆ ಇರುವೆಯನ್ನು ಬಿಟ್ಟರೆ ಅದು ಆಚೀಚೆ ನೋಡದೆ ನೆಟ್ಟಗೆ ನಡೆದು ಗೋಡೆಯ ಮೂಲೆಯಲ್ಲಿ ತೊಂಬತ್ತು ಡಿಗ್ರಿ ತಿರುಗುತ್ತದೆ ಎಂದು ಪೇಟೆಯಲ್ಲಿ ಮಾತಿತ್ತು. ಆ ಮಾತನ್ನು ಹಬ್ಬಿಸಿದವನೂ ಅವನೇ. ಇಂಥವನು ಈ ವಾರವೆಲ್ಲ ಕಾಫಿ ಲೋಟಕ್ಕೆ, ಮೌಸಿನ ತಂತಿಗೆ, ಹಳೇಬೀಡಿನ ಬಸ್ಸು ಎಲ್ಲಿ ನಿಲ್ಲುತ್ತದೆಂದು ಆಫೀಸಿನ ಬಾಗಿಲಿಗೇ ಬಂದು ಕೇಳುವ ಟೂರಿಸ್ಟುಗಳಿಗೆ ಉರಿದುಬಿದ್ದಿದ್ದ. ಯಾಕೆಂದು ಯಾರಾದರೂ ಕೇಳಿದ್ದರೆ ಅವರಿಗೂ ಉರಿದುಬೀಳುತ್ತಿದ್ದ. ಅವನಿಗೆ ಮಾತ್ರ ಗೊತ್ತಿತ್ತು. ಎರಡೇ ಮಾತು, ಅವನದೇ ಬಾಯಿಂದ ಬಂದದ್ದು: 'ಆಯ್ತು ಯಜಮಾನ್ರೆ.'

ಯಜಮಾನರೆಂದರೆ ಜಯದೇವಪ್ಪ. ಗಂಡಸಿಯ ಕೊಬ್ಬರಿ ವ್ಯಾಪಾರಿ, ಮಠದ ಭಕ್ತರು ಕಟ್ಟಿಸಲಿರುವ ಸಮುದಾಯ ಭವನದ ಅಧ್ಯಕ್ಷ, ಅದರ ಊಟದ ಹಾಲ್ ಕಟ್ಟಿಸಿಕೊಡುವ ದಾನಿ. ಆಫೀಸಿಗೆ ಬಂದರೆ ಕುರ್ಚಿಗೂ ಭಯವಾಗುವ ಶರೀರ. ಮಹಾಂತೇಶನಿಗೆ ನಲವತ್ತಾರು ತುಂಬಿದ್ದರೂ ಅವರಿಗೆ ಅವನು 'ಪ್ಲಾನ್ ಹುಡುಗ.' ಭವನದ ನಕ್ಷೆಯಲ್ಲಿ ಒಂದೊಂದು ಕೋಣೆಯ ಮೇಲೂ ಅದನ್ನು ಕಟ್ಟಿಸಿಕೊಡುವವರ ಹೆಸರು ಇರಬೇಕೆಂದು ಕಮಿಟಿಯಲ್ಲಿ ಒಪ್ಪಿಗೆಯಾಗಿತ್ತು: ಅಡಿಗೆಮನೆ ಇಂಥವರದು, ಸ್ಟೇಜು ಇಂಥವರದು, ಕೈ ತೊಳೆಯುವ ನಲ್ಲಿಗಳು ಗಿಡ್ಡಯ್ಯನವು. ಅದೇ ನಕ್ಷೆಯನ್ನು ಗುದ್ದಲಿ ಪೂಜೆಯ ದಿನ ಹನ್ನೆರಡಡಿ ಫ್ಲೆಕ್ಸ್ ಮಾಡಿ ನಿಲ್ಲಿಸಬೇಕು, ಸ್ವಾಮಿಗಳು ಪರದೆ ಸರಿಸಬೇಕು. ಜಯದೇವಪ್ಪ ಸಣ್ಣ ಹಾಳೆಯನ್ನು ಮೂಗಿನ ಹತ್ತಿರ ಹಿಡಿದು ಓದಿದರು, ತಮ್ಮ ಹೆಸರಿನ ಮೇಲೆ ಸ್ವಲ್ಪ ಹೊತ್ತು ವಿಶ್ರಮಿಸಿದರು, ಆಮೇಲೆ ಅವರ ಹೆಬ್ಬೆರಳು ಜಾರುತ್ತ ಹೋಗಿ ರಸ್ತೆಯಿಂದ ಭವನಕ್ಕೆ ಬರುವ ದಾರಿಯ ಮೇಲೆ ನಿಂತಿತು. ಅಲ್ಲಿ ಕಾಂತಮ್ಮ ಎಂದಿತ್ತು.

"ಇದೇನ್ಲಾ ಇದು?"

"ದೊಡ್ಡಮ್ಮಂದು ಯಜಮಾನ್ರೆ. ಆ ಜಾಗ ಅವ್ರ ತೋಟದ್ದಲ್ವಾ."

"ಗೊತ್ತು ಕಣಯ್ಯ. ದಾರಿಗೆ ಯಾರಾದ್ರೂ ಹೆಸ್ರು ಬರೀತಾರಾ? ಹಾಲು ಅಂದ್ರೆ ಕಟ್ಟಿಸ್ಬೇಕು. ನಲ್ಲಿ ಅಂದ್ರೆ ಹಾಕಿಸ್ಬೇಕು. ದಾರಿ ಅಂದ್ರೆ ಏನೈತೆ ಅಲ್ಲಿ? ಬರೀ ನೆಲ. ಜನ ನಿಮ್ಮ ದೊಡ್ಡಮ್ಮನ ಹೆಸ್ರು ತುಳ್ಕಂಡು ಊಟಕ್ಕೆ ಬರ್ಬೇಕಾ? ಆ ಯಮ್ಮಂಗೇ ಒಳ್ಳೇದಲ್ಲ. ತೆಗ್ದಾಕು."

ಆ ದಾರಿಗೆ ಜಾಗ ಬಿಡಲೆಂದು ಕಾಂತಮ್ಮ ಫಲ ಕಚ್ಚಿದ ತೆಂಗಿನ ಮರಗಳನ್ನೇ ಸಾಲಾಗಿ ಉರುಳಿಸಿದ್ದಳು. ಒಂದೊಂದು ಬಿದ್ದಾಗಲೂ ಗಂಡಸಿಯಲ್ಲಿ ಭೂಮಿ ನಡುಗಿ ಅರಸೀಕೆರೆಯ ರೈಲು ಹಳಿ ಅಲ್ಲಾಡಿತ್ತು. ಆ ನೆಲದ ಪಟ್ಟಿ ಇಲ್ಲದಿದ್ದರೆ ಭವನ ತೋಟಗಳ ನಡುವೆ ದಾರಿಯಿಲ್ಲದ ದ್ವೀಪ. ಇಟ್ಟಿಗೆಯನ್ನು ಹದ್ದುಗಳೇ ಹೊತ್ತು ತರಬೇಕಿತ್ತು. ಒಳಗೆ ಬರುವ ಪ್ರತಿಯೊಬ್ಬನೂ ಮೊದಲು ಅವಳ ಹೆಸರು ಓದಿಕೊಂಡು, ಆಮೇಲೆ ಜಯದೇವಪ್ಪನವರ ಹಾಲಿಗೆ ಬರಬೇಕಾಗುತ್ತದೆ ಎಂಬುದೇ ನಿಜವಾದ ಸಂಕಟವೆಂದು ಮಹಾಂತೇಶನಿಗೆ ಅಲ್ಲೇ ಹೊಳೆದಿತ್ತು. ಹೇಳಲು ಉತ್ತರ ನಾಲಿಗೆಯ ತುದಿಯವರೆಗೆ ಬಂದಿತ್ತು, ಎಂಥ ಉತ್ತರ, ಕೇಳಿದ್ದರೆ ಕುರ್ಚಿಯೂ ಎದ್ದು ನಿಲ್ಲುತ್ತಿತ್ತು. ಆದರೆ ಬಾಯಿ ತೆರೆದಾಗ ಬಂದದ್ದು 'ಆಯ್ತು ಯಜಮಾನ್ರೆ.' ಅಷ್ಟು ಮೆತ್ತಗೆ ಬಂತು. ಬೆಕ್ಕೊಂದು ಹಾಲು ಬೇಡುವ ದನಿಯಲ್ಲಿ. ತನ್ನ ಗಂಟಲಿನಲ್ಲಿ ಅಂಥ ದನಿ ಯಾವಾಗಿನಿಂದ ಬಿಡಾರ ಹೂಡಿತ್ತು?

ತೆಗೆಯಲಿಲ್ಲ ಅವನು. ಇದನ್ನು ಅವನು ತನಗೆ ತಾನೇ ಬೈಕಿನ ಮೇಲೆ ಮತ್ತೆ ಮತ್ತೆ ಹೇಳಿಕೊಂಡ: ತೆಗೆಯಲಿಲ್ಲ ನಾನು. ಕಂಪ್ಯೂಟರಿನಲ್ಲಿ ಕಟ್ಟಡವನ್ನು ಬರೆಯುವುದು ಅದರ ನಿಜವಾದ ಅಳತೆಯಲ್ಲೇ, ಮೂವತ್ತು ಮೀಟರಿನ ಹಾಲೆಂದರೆ ಮೂವತ್ತು ಮೀಟರ್. ಆಮೇಲೆ ಹಾಳೆಯ ಮೇಲೊಂದು ಕಿಟಕಿ ತೆರೆದು ಅದಕ್ಕೆ ನೂರಕ್ಕೆ ಒಂದು, ಹತ್ತಕ್ಕೆ ಒಂದು ಎಂದು ಸ್ಕೇಲ್ ಕೊಟ್ಟರೆ ಕಟ್ಟಡ ಕುಗ್ಗಿ, ಹಿಗ್ಗಿ ಅದರೊಳಗೆ ಕೂರುತ್ತದೆ. ಅಕ್ಷರಕ್ಕೆ ಮಾತ್ರ ಕುಗ್ಗಬೇಡ, ಹಿಗ್ಗಬೇಡ ಎಂದು ಹೇಳಿಡಬಹುದು; ಮೂರು ಮಿಲಿಮೀಟರ್ ಎಂದರೆ ಯಾವ ಕಿಟಕಿಯಲ್ಲೂ ಮೂರೇ ಮಿಲಿಮೀಟರ್. ಇನ್ನೂ ಒಂದು ಚಮತ್ಕಾರವಿದೆ. ಪ್ರತಿ ಹೆಸರಿಗೂ ನೀನು ಇಂಥ ಸ್ಕೇಲಿನಲ್ಲಿ ಕಾಣು ಎಂದು ಬೇರೆಬೇರೆಯಾಗಿ ಹೇಳಬೇಕು. ಹೇಳದ ಸ್ಕೇಲಿನ ಕಿಟಕಿಯಲ್ಲಿ ಆ ಹೆಸರು ಇರುತ್ತದೆ, ಆದರೆ ಕಾಣುವುದಿಲ್ಲ. ಸಣ್ಣ ಹಾಳೆಯ ನೂರಕ್ಕೆ ಒಂದರಲ್ಲಿ ಎಲ್ಲರ ಹೆಸರೂ ಹಾಗೇ ಇದ್ದವು, ಕಾಂತಮ್ಮನದೂ. ಬೇರೆ ದಿನವಾಗಿದ್ದರೆ ಆ ಸಣ್ಣ ಹಾಳೆಯನ್ನೇ ಫ್ಲೆಕ್ಸಿನವನಿಗೆ ಕಳಿಸಿ 'ಹತ್ತು ಪಟ್ಟು ಹಿಗ್ಗಿಸು' ಎನ್ನುತ್ತಿದ್ದ. ಅಂದು ಹಾಗೆ ಮಾಡಲಿಲ್ಲ. ಫ್ಲೆಕ್ಸಿಗೆಂದೇ ಹತ್ತಕ್ಕೆ ಒಂದರ ಹೊಸ ಕಿಟಕಿ ತೆರೆದ. ಎಲ್ಲ ಹೆಸರುಗಳಿಗೂ ಆ ಸ್ಕೇಲನ್ನು ಕೊಟ್ಟ. ಒಂದಕ್ಕೆ ಕೊಡಲಿಲ್ಲ. ಅಷ್ಟೆ. ಅಳಿಸಿದ್ದರೆ ಪಾಪ, ಇದು ಅಳಿಸಿದ್ದಲ್ಲವಲ್ಲ. ದೊಡ್ಡಮ್ಮ ಕೇಳಿದರೆ 'ಐತೆ' ಎನ್ನಬಹುದು, ಯಜಮಾನರು ಕೇಳಿದರೆ 'ಇಲ್ಲ' ಎನ್ನಬಹುದು, ಎರಡೂ ಸತ್ಯ. ಇಂಥ ಸತ್ಯವನ್ನು ಕಂಡುಹಿಡಿದದ್ದಕ್ಕೆ ತನಗೊಂದು ಪ್ರಶಸ್ತಿ ಕೊಡಬೇಕೆಂದು ಆ ಕ್ಷಣ ಅನ್ನಿಸಿದ್ದೂ ನಿಜ. ಆಮೇಲೆ ದಾರಿಯ ಮೇಲೆ ಸ್ಕ್ರೀನನ್ನು ಹಿಗ್ಗಿಸಿ, ಇನ್ನೂ ಹಿಗ್ಗಿಸಿ, ಬರಿದಾಗಿದೆಯೇ ಎಂದು ನೋಡಿದ. ಬರಿದಾಗಿತ್ತು. ಅದನ್ನೇ ನೋಡುತ್ತ ಕೂತ. ಬೇರೆ ಏನನ್ನೂ ನೋಡದೆ ಫ್ಲೆಕ್ಸಿನವನಿಗೆ ವಾಟ್ಸಾಪಿನಲ್ಲಿ ಕಳಿಸಿದ.

ಹಿಂದೊಮ್ಮೆ ಕಂಡ ಬರಿದಾದ ಕಲ್ಲೊಂದು ಬೈಕಿನ ಮೇಲೆ ನೆನಪಾಯಿತು. ಹಳೇಬೀಡಿನ ಗುಡಿಯ ಜಗತಿಕಟ್ಟೆಯ ಮೇಲೆ ಮೊಣಕಾಲೂರಿ ಕೂತಿದ್ದ ಹತ್ತೊಂಬತ್ತರ ಹರೆಯದ ಮಹಾಂತೇಶ, ಡಿಪ್ಲೊಮಾ ಎರಡನೇ ವರ್ಷ, ಕೈಯಲ್ಲಿ ಟೇಪಿನ ಒಂದು ತುದಿ. ಇನ್ನೊಂದು ತುದಿ ಬಸದಿಯ ಪಕ್ಕದ ಮನೆಯ ಗೆಳೆಯ ಶ್ರೀಪಾಲನ ಕೈಯಲ್ಲಿ. ಗುಡಿಯ ನಕ್ಷತ್ರದ ಮೂಲೆಗಳನ್ನೆಲ್ಲ ಅಳೆದು ಟ್ರೇಸಿಂಗ್ ಹಾಳೆಯ ಮೇಲೆ ಕೈಯಲ್ಲೇ ಬರೆದವನು ಕರ್ನಾಟಕದಲ್ಲಿ ತಾನೊಬ್ಬನೇ ಎಂದು ಅವನು ಇಂದಿಗೂ ಹೇಳುತ್ತಾನೆ. ಶ್ರೀಪಾಲ ಎದುರಿಗಿದ್ದರೆ ಇಬ್ಬರೇ ಎನ್ನುತ್ತಾನೆ. 'ಇಲ್ಲಿ ನೋಡೋ' ಎಂದಿದ್ದ ಶ್ರೀಪಾಲ, ಒಂದು ವಿಗ್ರಹದ ಪಾದದ ಕೆಳಗೆ ಬೆರಳಿಟ್ಟು. ಕೆತ್ತಿದವನ ಹೆಸರು. ಕಡಲೆಕಾಳಿನಷ್ಟು ಅಕ್ಷರ. 'ನೆಟ್ಟಗೆ ನಿಂತ್ರೆ ಕಾಣ್ಸಲ್ಲ ಕಣೋ. ಬಗ್ಗಬೇಕು.' ಬಗ್ಗಿದ್ದ. ಕಲ್ಲಿನ ತಂಪು ಕೆನ್ನೆಗೆ ತಾಗಿತ್ತು. ಪಕ್ಕದ ವಿಗ್ರಹದ ಕೆಳಗೂ ನೋಡಿದ್ದ, ಅಲ್ಲಿ ಏನೂ ಇರಲಿಲ್ಲ. ಇವನ ಹೆಸರೇಕೆ ಇಲ್ಲ ಎಂದು ಕೇಳಿದ್ದಕ್ಕೆ ಶ್ರೀಪಾಲ, 'ಯಾರೋ ಬ್ಯಾಡ ಅಂದಿರ್ತಾರೆ. ಇವ್ನು ಆಯ್ತು ಅಂದಿರ್ತಾನೆ' ಎಂದು ನಕ್ಕಿದ್ದ. ಬೈಕು ಒಂದು ಗುಂಡಿಗೆ ಇಳಿದು ಎದ್ದಿತು. ಶ್ರೀಪಾಲ ಹಾಗೆ ನಿಜವಾಗಿಯೂ ಹೇಳಿದ್ದನೋ, ಈಗ ತಾನು ಆ ಮಾತನ್ನು ಅವನ ಬಾಯಿಗೆ ತುರುಕುತ್ತಿದ್ದಾನೋ? ಅಷ್ಟು ದೂರದಿಂದ ಬಂದು ಚುಚ್ಚುವ ಶ್ರೀಪಾಲನ ಮೇಲೂ ಸಿಟ್ಟು ಬಂತು.

ಗಂಡಸಿಯ ಹೊರಗೆ ಆ ದಾರಿಯ ಬಾಯಿಗೆ ಬಾಳೆಕಂಬ ಕಟ್ಟಿದ್ದರು. ಎರಡೂ ಕಡೆ ಕಡಿದ ತೆಂಗಿನ ಬುಡಗಳು. ದೊಡ್ಡಮ್ಮ ಅಂಥದೊಂದು ಬುಡದ ಮೇಲೆ ಕೂತಿದ್ದಳು, ಸಿಂಹಾಸನದ ಮೇಲೆ ಕೂತಂತೆ. ಹಣೆಯ ತುಂಬ ವಿಭೂತಿ, ಕಂಕುಳಲ್ಲಿ ಎಲೆಯಡಿಕೆ ಚೀಲ, ಮದುವೆಗೆ ಉಡುವ ಸೀರೆ. ಅವನ ತಾಯಿಯ ಅಕ್ಕ. ತಾಯಿ ಸತ್ತಮೇಲೆ ಹಾಸನದ ಹಾಸ್ಟೆಲಿಗೆ ಪ್ರತಿ ತಿಂಗಳೂ ರಾಗಿಹಿಟ್ಟು, ಕೊಬ್ಬರಿ ಕಳಿಸಿ ಅವನ ಡಿಪ್ಲೊಮಾ ಓದಿಸಿದವಳು. ಹೋದ ವಾರ ಫೋನಿನಲ್ಲಿ ಒಂದೇ ಮಾತು ಕೇಳಿದ್ದಳು: 'ದೂರದಿಂದ ಕಾಣೋ ಹಂಗೆ ಬರಿಯಪ್ಪ.' ಪೊರೆ ತೆಗೆಸಿದ ಕಣ್ಣು, ಪಾಪ, ಹತ್ತಿರದ್ದು ಕಾಣಿಸುವುದಿಲ್ಲ ಎಂದು ಅವನು ಆಗ ಅಂದುಕೊಂಡಿದ್ದ.

"ಬಂದ್ಯಾ. ನನ್ನೆಸ್ರು ಹಾಕಿದ್ದೀಯೇನೋ?"

"ಐತೆ ದೊಡ್ಡಮ್ಮ."

ಎರಡು ಸತ್ಯಗಳಲ್ಲಿ ಒಂದನ್ನು ಹೀಗೆ ಖರ್ಚು ಮಾಡಿದ. ಅವಳು ಅವನ ತೋಳು ಹಿಡಿದು ಎದ್ದಳು. ಶಾಮಿಯಾನದ ಕಡೆ ನಡೆಯುವಾಗ ಎದುರಿಗೆ ಸಿಕ್ಕವರಿಗೆಲ್ಲ 'ನಮ್ಮುಡ್ಗ, ಎಲ್ಲಾ ಇವ್ನೇ ಬರ್ದಿರಾದು' ಎಂದಳು. ಯಾಕೆ ಹೇಳಬೇಕು ಇವಳು? ಯಾರು ಕೇಳಿದರು? ಆ ತೋಳನ್ನು ಕೊಡವಿಕೊಂಡು ಓಡಬೇಕೆನ್ನಿಸಿತು ಅವನಿಗೆ. ಇವಳು ಅಷ್ಟು ಸಲೀಸಾಗಿ ನಂಬದಿದ್ದರೆ ತನಗೆ ಈ ಸಿಟ್ಟೇ ಬರುತ್ತಿರಲಿಲ್ಲ ಎಂಬಂತೆ ಅವಳ ಮೇಲೆ ಹಲ್ಲು ಕಚ್ಚಿದ.

ಸ್ವಾಮಿಗಳು ಗುದ್ದಲಿ ಮುಟ್ಟಿಸಿದರು. ಭಾಷಣ ಮುಗಿಯುವಷ್ಟರಲ್ಲಿ ಇನ್ನೊಂದು ಭವನ ಕಟ್ಟಿ ಬಣ್ಣ ಬಳಿಯಬಹುದಿತ್ತು. ಆಮೇಲೆ ಪರದೆ ಸರಿಯಿತು. ಜನ ಚಪ್ಪಾಳೆ ಹೊಡೆದರು. ಹೊಡೆಯುತ್ತ ಹೊಡೆಯುತ್ತ ಕೈಗಳು ಒಂದೊಂದಾಗಿ ನಿಂತವು. ಫ್ಲೆಕ್ಸಿನ ಮೇಲೆ ಭವನ ಅರಮನೆಯಂತೆ ಹರಡಿತ್ತು, ಗೋಡೆಗಳು ತೊಲೆಯಷ್ಟು ದಪ್ಪ, ಬಾಗಿಲು ತೆರೆಯುವುದನ್ನು ತೋರಿಸುವ ಕಮಾನುಗೆರೆಗಳು ಚಂದ್ರನಷ್ಟು. ಹೆಸರು ಮಾತ್ರ ಒಂದೂ ಇಲ್ಲ. ಒಂದೊಂದು ಕೋಣೆಯ ನಡುವೆ ನೊಣ ಕೂತು ಎದ್ದಂತೆ ಒಂದು ಕಪ್ಪು ಚುಕ್ಕೆ, ಅಷ್ಟೆ. ಮಹಾಂತೇಶನಿಗೆ ಆಗ ಹೊಳೆಯಿತು. ಮೂರು ಮಿಲಿಮೀಟರ್! ಹಾಳೆಯಲ್ಲೂ ಮೂರು, ಹನ್ನೆರಡಡಿಯ ಫ್ಲೆಕ್ಸಿನಲ್ಲೂ ಮೂರು. ಇಡೀ ಜಿಲ್ಲೆಯಲ್ಲಿ ಈ ತಪ್ಪು ಮಾಡಲಾರದವನು ಒಬ್ಬನಿದ್ದರೆ ಅದು ತಾನು, ಮಾಡಿದವನೂ ತಾನೇ. ಕಾಂತಮ್ಮನ ಖಾಲಿ ಜಾಗವನ್ನು ಹಿಗ್ಗಿಸಿ ಹಿಗ್ಗಿಸಿ ನೋಡುತ್ತ ಕೂತವನಿಗೆ ಮಿಕ್ಕವರೆಲ್ಲ ಇರುವೆಗಳಾದದ್ದು ಕಾಣಿಸಿರಲಿಲ್ಲ.

ಮೊದಲು ಎದ್ದವನು ಗಿಡ್ಡಯ್ಯ. ಫ್ಲೆಕ್ಸಿಗೆ ಮೂಗು ತಾಗಿಸಿ, ಎತ್ತಿನ ಮೈಯಲ್ಲಿ ಉಣ್ಣಿ ಹುಡುಕುವವನ ಹಾಗೆ ಹುಡುಕಿ, "ಸಿಕ್ತು! ನಂದು ಸಿಕ್ತು!" ಎಂದು ಕೂಗಿದ. ಆಮೇಲೆ ಒಬ್ಬರ ಹಿಂದೆ ಒಬ್ಬರು. ಗರಿಗರಿ ಪಂಚೆಯ ಹಿರಿಯರೆಲ್ಲ ಬಗ್ಗಿ, ಕುಕ್ಕರಿಸಿ, ಹಿಂಭಾಗವನ್ನು ಸ್ವಾಮಿಗಳ ಕಡೆ ಮಾಡಿ ತಂತಮ್ಮ ಹೆಸರು ಹುಡುಕತೊಡಗಿದರು. ಗಿಡ್ಡಯ್ಯ ಈಗ ಎಲ್ಲರ ಹೆಸರನ್ನೂ ತೋರಿಸುವ ಗೈಡಾಗಿದ್ದ. "ಎಲ್ಲಾರ್ದೂ ಒಂದೇ ಸೈಜು ಕಣ್ರಪ್ಪೋ! ಅಡಿಗೆಮನೇನೂ ಅಷ್ಟೇ, ನನ್ನ ನಲ್ಲೀನೂ ಅಷ್ಟೇ!" ಯಾರೋ ನಕ್ಕರು. ಬಗ್ಗಿದವರ ಆ ಸಾಲನ್ನು ನೋಡುತ್ತ ಮಹಾಂತೇಶನಿಗೂ ನಗು ಬಂತು, ಕೆಟ್ಟ ನಗು, ಗಂಟಲಿನಲ್ಲೇ ಹಿಸುಕಿದ. ಆಗ ಮೊಣಕೈಗೆ ಕೈ ತಾಗಿತು.

"ನಂದು ತೋರ್ಸೋ."

ದೊಡ್ಡಮ್ಮ. ಅವಳ ತೋರುಬೆರಳು ಆಗಲೇ ಚಾಚಿಕೊಂಡು ಸಿದ್ಧವಾಗಿತ್ತು. ಅವನು ಆ ಬೆರಳು ಹಿಡಿದ. ದಾರಿಯ ಮೇಲಿಟ್ಟರೆ ಅಲ್ಲಿ ಚುಕ್ಕೆಯೂ ಇಲ್ಲ, ಗಿಡ್ಡಯ್ಯನ ಕಣ್ಣು ಹದ್ದಿನದು. ಹೇಗೂ ಇವಳಿಗೆ ಕಾಣಿಸುವುದಿಲ್ಲ. ಕೈ ತಾನಾಗಿಯೇ ಬೆರಳನ್ನು ಎಳೆದುಕೊಂಡು ಹೋಗಿ, ನಕ್ಷೆಯ ನಟ್ಟನಡುವೆ, ಊಟದ ಹಾಲಿನ ಚುಕ್ಕೆಯ ಮೇಲೆ ಕೂರಿಸಿತು.

"ಇಲ್ಲೈತೆ ದೊಡ್ಡಮ್ಮ."

ಅವಳು ಬೆರಳು ಒತ್ತಿ ಹಿಡಿದು ನಿಂತಳು. ಅಷ್ಟರಲ್ಲಿ ಜಯದೇವಪ್ಪ ಬಂದರು. ಹಾಲನ್ನು ಎಡದಿಂದ ಬಲಕ್ಕೆ, ಮೇಲಿಂದ ಕೆಳಕ್ಕೆ ಮೂಗಿನಿಂದಲೇ ಉತ್ತರು. ಅವರ ಹೆಸರು ಎಲ್ಲಿಯೂ ಇರಲಿಲ್ಲ. ಕತ್ತಿನ ನರ ಉಬ್ಬಿತು.

"ಏನ್ಲಾ ಮಾಂತೇಶ, ನನ್ನೆಸ್ರೆಲ್ಲಿ?"

ಗಿಡ್ಡಯ್ಯ ಹಿಂದಿನಿಂದ, "ಆಯಮ್ಮನ ಬೆರಳಡೀಲಿ ಐತೆ ನೋಡಿ ಯಜಮಾನ್ರೆ" ಎಂದ.

"ಬೆರಳು ತೆಗಿ ಕಾಂತಮ್ಮ."

"ಯಾಕೆ ತೆಗೀಲಪ್ಪ? ನನ್ನೆಸ್ರಿನ ಮ್ಯಾಲೆ ನಾನು ಬೆರಳು ಇಟ್ಕಂಡಿದೀನಿ."

"ನಿಂದ್ಯಾವ ಹೆಸ್ರು ಅಲ್ಲಿ? ಏ ಪ್ಲಾನ್ ಹುಡುಗ, ಹೇಳೋ ಈ ಯಮ್ಮಂಗೆ. ಯಾರ್ದು ಆ ಹೆಸ್ರು?"

ಶಾಮಿಯಾನದೊಳಗೆ ಗಾಳಿ ಕೂಡ ಕಿವಿಗೊಟ್ಟಿತು. ಸ್ವಾಮಿಗಳೂ ಈ ಕಡೆ ತಿರುಗಿದ್ದರು. ಮಹಾಂತೇಶನ ಗಂಟಲಿನಲ್ಲಿ ಆ ಬೆಕ್ಕು ಎದ್ದು, ಮೈಮುರಿದು, ಬಾಯಿಗೆ ಬರಲು ಅಣಿಯಾಯಿತು. ಅವನು ಅದನ್ನು ನುಂಗಿದ.

"ದೊಡ್ಡಮ್ಮಂದು" ಎಂದ. ಇಷ್ಟು ಜೋರಾಗಿ ಬಂತೆಂದರೆ ತೆಂಗಿನ ಮರದ ಮೇಲಿನ ಗಿಳಿಗಳೆಲ್ಲ ಎದ್ದು ಬೇಲೂರಿನ ಕಡೆ ಹಾರಿದವು. ಇಡೀ ವಾರದಲ್ಲಿ ಮೊದಲ ಸಲ ಅವನ ಎದೆ ಹಗುರಾಯಿತು, ಹೇಳಿದ್ದು ಶುದ್ಧ ಸುಳ್ಳಾದರೂ. ಜಯದೇವಪ್ಪನವರ ಮುಖ ಮೆಣಸಿನಕಾಯಿಯಾಯಿತು. ನೋಡು, ನೋಡು ಎಂದು ಒಳಗೊಬ್ಬ ಕುಣಿದ. ಆದರೆ ಆ ಕುಣಿತ ಒಂದು ಸುತ್ತೂ ಪೂರ್ತಿಯಾಗಲಿಲ್ಲ. ಕಾಂತಮ್ಮ ಬೆರಳನ್ನು ಕದಲಿಸದೆ, ಇನ್ನೊಂದು ಕೈಯಿಂದ ಎಲೆಯಡಿಕೆ ಚೀಲದ ಹುರಿ ಬಿಚ್ಚಿ, ಒಳಗಿನಿಂದ ಕನ್ನಡಕ ತೆಗೆದು ಮೂಗಿಗೇರಿಸಿದಳು. ದಪ್ಪ ಗಾಜಿನ, ಹೊಸ ಕನ್ನಡಕ. ಆಮೇಲೆ ಬೆರಳೆತ್ತಿ ಬಗ್ಗಿದಳು.

"ಜಯದೇವಪ್ಪ. ಊಟದ ಹಾಲು." ತಡವರಿಸದೆ ಓದಿದಳು. ಮಹಾಂತೇಶನ ಕಡೆ ತಿರುಗಿದಾಗ ಗಾಜಿನ ಹಿಂದೆ ಅವಳ ಕಣ್ಣುಗಳು ಎಂದೂ ಇಲ್ಲದಷ್ಟು ದೊಡ್ಡವಾಗಿದ್ದವು. "ಇಷ್ಟು ಸಣ್ಣದು ನಾನು ದಿನಾ ಓದ್ತೀನಿ ಕಣೋ, ಪೂಜೆ ಪುಸ್ತಕ. ದೂರದಿಂದ ಕಾಣ್ಬೇಕು ಅಂದಿದ್ದು ನಂಗಲ್ಲ, ಊರಿಗೆ. ನಂದೆಲ್ಲೈತೆ?"

ಐತೆ, ಕಾಣ್ಸಲ್ಲ ಅಷ್ಟೆ. ಆ ಪ್ರಶಸ್ತಿಯ ಸತ್ಯ ಬಾಯಿಯವರೆಗೆ ಬಂದು, ಅವಳ ಮುಖ ನೋಡಿ ನಾಚಿ ಹಿಂದಕ್ಕೆ ಹೋಯಿತು.

"ಇಲ್ಲ ದೊಡ್ಡಮ್ಮ. ಯಜಮಾನ್ರು ಬ್ಯಾಡ ಅಂದ್ರು. ನಾನು ಆಯ್ತು ಅಂದೆ."

ಬೈಯುತ್ತಾಳೆ ಎಂದುಕೊಂಡ. ಬೈದಿದ್ದರೆ ಪುಣ್ಯ, ತಿರುಗಿ ಸಿಟ್ಟು ಮಾಡಬಹುದಿತ್ತು. ಅವಳು ಬೈಯಲಿಲ್ಲ. ಕನ್ನಡಕ ಕಳಚಿ ಚೀಲದೊಳಗೆ ಇಟ್ಟಳು, ಹುರಿ ಎಳೆದಳು. ಮುಂದಿನ ಸಾಲಿನಿಂದ ಪ್ಲಾಸ್ಟಿಕ್ ಕುರ್ಚಿಯೊಂದನ್ನು ಎತ್ತಿಕೊಂಡು, ಯಾರು ಕೈ ಚಾಚಿದರೂ ಕೊಡದೆ, ಶಾಮಿಯಾನದಿಂದ ಹೊರಗೆ ನಡೆದಳು. ಬಿಸಿಲಿನಲ್ಲಿ ಆ ಕೆಂಪು ಕುರ್ಚಿ ಅಲ್ಲಾಡುತ್ತ ಹೋಗಿ, ದಾರಿಯ ನಡುಮಧ್ಯೆ, ಕಡಿದ ತೆಂಗಿನ ಬುಡಗಳ ನಡುವೆ ಇಳಿಯಿತು. ಕಾಂತಮ್ಮ ಕೂತಳು, ರಸ್ತೆಯ ಕಡೆ ಮುಖ ಮಾಡಿ. ಅದೇ ಹೊತ್ತಿಗೆ ಊಟದ ಟೆಂಪೋ ಬಾಳೆಕಂಬದ ಒಳಗೆ ಮೂಗು ತೂರಿಸಿ ನಿಂತಿತು, ಹಾರ್ನ್ ಹೊಡೆಯಿತು. ಹಿಂದಿನಿಂದ ಅನ್ನದ, ಸಾರಿನ ವಾಸನೆ ಇಡೀ ಸಭೆಯ ಮೇಲೆ ಬಿತ್ತು. ಕಾಂತಮ್ಮ ಎಲೆಗೆ ಸುಣ್ಣ ಹಚ್ಚುತ್ತಿದ್ದಳು.

"ಏಳ್ಸಯ್ಯ ನಿಮ್ಮ ದೊಡ್ಡಮ್ಮನ್ನ!" ಜಯದೇವಪ್ಪ ಕೂಗಿದರು. "ಊರಿಗೆ ಊರೇ ಹಸ್ಕಂಡು ಕೂತೈತೆ! ಹೋಗು!"

ಮಹಾಂತೇಶ ಹೊರಟ. ದಾರಿ ಉದ್ದಕ್ಕೆ ಬಿದ್ದುಕೊಂಡಿತ್ತು. ಸ್ಕ್ರೀನಿನ ಮೇಲೆ ಎಷ್ಟು ಹಿಗ್ಗಿಸಿದರೂ ಇಷ್ಟು ಅಗಲವಾಗಿ ಅವನಿಗೆ ಕಂಡಿರಲಿಲ್ಲ. ರಸ್ತೆಯಲ್ಲಿ ಹೋಗುತ್ತಿದ್ದ ಬಸ್ಸು ನಿಧಾನಿಸಿತು, ಕಿಟಕಿಗಳಿಂದ ತಲೆಗಳು ಹೊರಬಂದವು. ಯಾರೋ ಬೆರಳು ಮಾಡಿ ತೋರಿಸಿದರು. 'ಯಾರಮ್ಮಾ ಅದು?' ಎಂದು ಒಬ್ಬಳು ಕೇಳಿದ್ದಕ್ಕೆ ಬಾಳೆಕಂಬದ ಬಳಿಯಿದ್ದವರು ಹೆಸರು ಹೇಳಿದ್ದು ಅವನಿಗೂ ಕೇಳಿಸಿತು. ಅವನು ಕುರ್ಚಿಯ ಪಕ್ಕಕ್ಕೆ ಹೋಗಿ ನಿಂತ. ಅವಳು ತಲೆಯೆತ್ತಲಿಲ್ಲ.

"ಕುರ್ಚಿ ತಂದ್ಯಾ?"

"ಇಲ್ಲ."

"ತಗಂಬಾ ಹೋಗು."

ಅವನು ತಿರುಗಿ ನಡೆದ. ಶಾಮಿಯಾನದ ಬಾಗಿಲಲ್ಲಿ ಜಯದೇವಪ್ಪ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಅವರ ಖಾಲಿ ಕುರ್ಚಿಯೇ ಹತ್ತಿರದಲ್ಲಿತ್ತು.